ಮಾಳಿಗೆಯಿಂದ ತೆಗೆದ ಚಿತ್ರಗಳು

ಪೂಜ್ಯ ಸೋದರಮಾವನವರಿಗೆ ವಂದನೆಗಳು.

ಅಂಗಡಿಗೆ ಹೊಸ ಮಾದರಿಯ ಕ್ಯಾಮೆರಾ ತರಿಸುವ ಮುನ್ನ ಒಂದನ್ನು ನನ್ನಿಂದ ಪರೀಕ್ಷೆ ಮಾಡಿಸುವುದು ನಿಮ್ಮ ರೂಢಿ. ಈ ಸಲದ್ದು ಅಗ್ಗವಾದರೂ ದೂರದ್ದನ್ನು ಚೆನ್ನಾಗಿ ಹತ್ತಿರಕ್ಕೆ ತರುತ್ತದೆ. ಜೂಮ್ ಪೂರ್ತಿ ಎಳೆದರೆ ನಮ್ಮ ಮಾಳಿಗೆಯಿಂದ ಕಾಲೇಜಿನ ಸ್ನಾತಕೋತ್ತರ ತರಗತಿ ಕಾಣುತ್ತದೆ; ಕಿಟಕಿಯ ಪಕ್ಕ ಕುಳಿತವಳ ಮುಖವನ್ನೂ ಗುರುತಿಸಬಹುದು. ಪದವಿಯಲ್ಲಿ ಅವಳಿಗೆ ಎರಡನೆಯ ಸ್ಥಾನ. ಮೊದಲನೆಯದು ಯಾರದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಚಿತ್ರ ಮಾತ್ರ ಅಲುಗಿದೆ. ಅದಕ್ಕೆ ಲೆನ್ಸನ್ನು ದೂರಲಾರೆ. ಬೆಳಕು ಇಳಿದ ಮೇಲೆ ತೆಗೆದವು ಕಾಳುಕಾಳಾಗಿ ಕಾಣುತ್ತವೆ. ಹಗಲಲ್ಲಿ ಊರೂರು ಸುತ್ತುವವರಿಗೆ ಧೈರ್ಯವಾಗಿ ಮಾರಬಹುದು.

ಎಲ್ಲ ಚಿತ್ರಗಳೂ ಒಂದೇ ಜಾಗದಿಂದ ತೆಗೆದವು ಎಂಬುದನ್ನು ನೀವು ಗಮನಿಸುವಿರಿ. ಮದುವೆ ಗೊತ್ತಾದಂದಿನಿಂದ ಅಪ್ಪ ನನ್ನನ್ನು ಹೊಸಿಲು ದಾಟಲು ಬಿಟ್ಟಿಲ್ಲ.

"ಮಾಳಿಗೆ ಮೇಲಿಂದ್ಲೇ ಊರೆಲ್ಲಾ ಕಾಣುತ್ತಲ್ಲಮ್ಮ, ಇನ್ನೇನು ಬೇಕು ನಿಂಗೆ?" ಎಂದರು.

"ಹಾಗಾದ್ರೆ ನಾಳೆಯಿಂದ ನೀವೂ ಆಫೀಸ್ ಕೆಲ್ಸಾನ ಅಲ್ಲಿಂದ್ಲೇ ಮಾಡಿ," ಎಂದಳು ಅಮ್ಮ. ಅಂದಿನಿಂದ ಅಪ್ಪ ಅವಳೊಡನೆ ಮಾತು ಬಿಟ್ಟಿದ್ದಾರೆ. ನನ್ನ ಫೋನೂ ಅವರ ವಶದಲ್ಲಿದೆ. ಆದ್ದರಿಂದ ಈ ಪತ್ರವನ್ನು ಅಮ್ಮನೇ ತಂದು ಕೊಡುತ್ತಾಳೆ.

ಕಾಲೇಜಿಗೆ ಸೇರಲು ಶುಕ್ರವಾರ ಕೊನೆಯ ದಿನ. ಗುರುವಾರ ಬೆಳಿಗ್ಗೆ ಕ್ಯಾಮೆರಾ ಒಯ್ಯಲು ದಯವಿಟ್ಟು ನೀವೇ ಬನ್ನಿ. ಅದರ ಗುಣದೋಷಗಳನ್ನು ವಿವರಿಸಲು ನಾನೂ ಅಂಗಡಿಗೆ ಬರಬೇಕೆಂದು ಹೇಳಿ. ನಿಮ್ಮ ಮಾತನ್ನು ಅಪ್ಪ ತೆಗೆದುಹಾಕಲಾರರು. ಕ್ಯಾಮೆರಾ ಚೀಲ ತುಸು ಭಾರವೆನಿಸಿದರೆ ಅವರೆದುರು ಬಿಚ್ಚಬೇಡಿ. ನನ್ನ ಅಂಕಪಟ್ಟಿಗಳು ಅದರಲ್ಲಿವೆ.

ಇಂತಿ,
ನಿಮ್ಮ ಸೋದರಸೊಸೆ