ಬಿಡುಮದ್ದಿನ ಊರಿನಿಂದ

ಗದಗ, ಕ್ರಿ.ಶ. ೨೧೪೩, ಫೆಬ್ರುವರಿ ೩೦

ಮಾತ್ರೆ ನುಂಗುವ ಮಹನೀಯರೇ, ನುಂಗಿಸುವ ಮಹಿಳೆಯರೇ, ಅಂಗಡಿಯ ಗಾಜಿನಾಚೆ ಅದನ್ನು ಬರೀ ನೋಡಿಕೊಂಡು ಬರುವ ಬಹುಜನರೇ,

ನಿಮ್ಮ ಮರಿಮಕ್ಕಳ ಕಾಲದಿಂದ ಬರೆಯುತ್ತಿದ್ದೇನೆ. ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಫೆಬ್ರುವರಿಯೂ ಮೈ ತುಂಬಿಕೊಂಡಿದೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ, ನಿಮ್ಮವು ನಮಗೂ ಹಾಗೆಯೇ. ‘ಪೇಟೆಂಟ್’ ಎಂಬುದನ್ನು ಇಲ್ಲಿ ಇತಿಹಾಸದ ಮೇಷ್ಟರು ಎರಡೆರಡು ಸಲ ವಿವರಿಸಬೇಕಾಗುತ್ತದೆ. ಔಷಧಿ ಕಂಡುಹಿಡಿದ ಕಂಪನಿಯೇ ಇಪ್ಪತ್ತು ವರ್ಷ ಅದರ ಒಡೆಯ. ಒಡೆಯ ಒಪ್ಪದೆ ಬೇರೆ ಯಾರೂ ತಯಾರಿಸುವಂತಿಲ್ಲ, ಅವನು ಹೇಳಿದ್ದೇ ಬೆಲೆ. ಅವಧಿ ಮುಗಿಯುವ ಹೊತ್ತಿಗೆ ಹಳೆಯ ಮಾತ್ರೆಗೆ ಹೊಸ ಲೇಪ ಬಳಿದು, ಇದು ಬೇರೆಯದೇ ಎಂದು ಇನ್ನಷ್ಟು ವರ್ಷ ಕೇಳುವುದೂ ಇತ್ತು. ಕೆಲವು ದೇಶಗಳು ಕೊಟ್ಟವು, ಕೆಲವು ಕೊಡಲಿಲ್ಲ. ಆಗ ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ: “ಸರ, ಅಲ್ಲೀತನಕಾ ಜಡ್ಡು ಕಾಯ್ಕೋತ ಕುಂದರ್ತಿತ್ತೇನ್ರಿ?” ಮೇಷ್ಟರು ಹಾಜರಿ ಕರೆಯಲು ತೊಡಗುತ್ತಾರೆ.

ಹಾಗೆ ಒಡೆಯನಿದ್ದ ಔಷಧಿಗೆ ನಾವು ಕಟ್ಟುಮದ್ದು ಎನ್ನುತ್ತೇವೆ. ಯಾರು ಬೇಕಾದರೂ ತಯಾರಿಸಬಹುದಾದದ್ದು ಬಿಡುಮದ್ದು. ಕೊನೆಯ ಕಟ್ಟುಮದ್ದಿನ ಕಟ್ಟು ಬಿಚ್ಚಿದ ದಿನವನ್ನು ನೆನೆದು ವರ್ಷವೂ ಅಂಗಡಿಗಳಲ್ಲಿ ಪೇಢೆ ಹಂಚುತ್ತಾರೆ. ಅವಧಿ ಮುಗಿದ ಔಷಧಿಯನ್ನು ನೀವು ಎಸೆಯುತ್ತೀರಿ; ಒಡೆತನದ ಅವಧಿ ಮುಗಿದ ಔಷಧಿಗೆ ನಾವು ಸಾಲು ನಿಲ್ಲುತ್ತೇವೆ. ಅವಧಿ, ಔಷಧಿ: ಪ್ರಾಸ ಕೂಡಿಸಿದ್ದು ಕನ್ನಡ, ಕೂಡಿಬರದಂತೆ ನೋಡಿಕೊಂಡದ್ದು ನಿಮ್ಮ ಕಾನೂನು. ಕಂಡುಹಿಡಿದವರ ಹೊಟ್ಟೆಯ ಪಾಡೇನು ಎನ್ನುತ್ತೀರಿ. ಪ್ರತಿ ದೇಶವೂ ಶಕ್ತಿಗೆ ತಕ್ಕಂತೆ ಶೋಧಪಾಲು ಎಂಬ ಕಾಣಿಕೆ ಕೊಡುತ್ತದೆ. ವಿಜ್ಞಾನಿಗಳು ದುಂಡದುಂಡಗೇ ಇದ್ದಾರೆ. ಬಡದೇಶಗಳ ಕಾಯಿಲೆಗೂ ಮದ್ದು ಹುಡುಕುತ್ತಾರೆ. ಹಿಂದೆ ಅಲ್ಲಿ ಕೊಳ್ಳುವವರಿಲ್ಲವೆಂದು ಹುಡುಕುವವರೂ ಕಡಿಮೆಯಿದ್ದರಂತೆ.

ನಾನು ಸ್ಟೇಷನ್ ರಸ್ತೆಯಲ್ಲಿ ಒಬ್ಬನೇ ಇದ್ದೇನೆ. ಒಬ್ಬನಿಗೆ ಸರಿಯಾಗುವಷ್ಟೇ ಅನ್ನ ಮಾಡುವ ಪಾತ್ರೆಯನ್ನು ಈ ಕಾಲದಲ್ಲೂ ಯಾರೂ ಕಂಡುಹಿಡಿದಿಲ್ಲ, ದಿನವೂ ಉಳಿಯುತ್ತದೆ. ಮಾತ್ರೆಗೆ ಬರವಿಲ್ಲ, ಪಾತ್ರೆಗೆ ಬರವಿಲ್ಲ, ಮಾತಿಗೆ ಮಾತ್ರ ಬರ. ಅದಕ್ಕೇ ಸಂಜೆ ಹಸೀನಾಬಾನು ಅವರ ಔಷಧಿ ಅಂಗಡಿಗೆ ಹೋಗುತ್ತೇನೆ. ಅಲ್ಲಿ ರಕ್ತದ ಕ್ಯಾನ್ಸರಿನ ಮಾತ್ರೆ ಶುಂಠಿ ಪೆಪ್ಪರಮೆಂಟಿನ ಪಕ್ಕದಲ್ಲೇ ಇರುತ್ತದೆ, ಹೆಚ್ಚುಕಡಿಮೆ ಅದರ ಬೆಲೆಗೇ. ಆ ಮಾತ್ರೆಯದೊಂದು ಪಟ್ಟಿ ಕೇಳುತ್ತೇನೆ.

“ಯಾರಿಗ್ರೀ ಅಣ್ಣಾರ ಇದು? ನೀವು ನೋಡಿದ್ರ ಗುಂಡಕಲ್ಲಿನಂಗ ಅದೀರಿ.”

“ಇರ್ಲಿ ಬಿಡ್ರಿ, ಮನ್ಯಾಗ.”

“ಮನ್ಯಾಗ ಯಾರದಾರ್ರೀ?”

ನಾನು ಪೆಪ್ಪರಮೆಂಟೂ ಕೊಡಿ ಎನ್ನುತ್ತೇನೆ.

ನಿಮ್ಮಲ್ಲೊಂದು ವಿನಂತಿ. ಜನರಿಗೆ ಔಷಧಿ ಎಟುಕದಿದ್ದಾಗ, ಒಡೆಯನಿಗೆ ಅವನ ಪಾಲು ಕೊಡಿಸಿ, ಬೇರೆಯವರಿಗೂ ತಯಾರಿಸಲು ಪರವಾನಗಿ ಕೊಡುವ ಕಲಮು ನಿಮ್ಮ ಕಾನೂನಿನಲ್ಲೇ ಇದೆ. ಅದನ್ನು ಬಳಸಿದ್ದು ತೀರ ಅಪರೂಪ. ಬಳಸಿ ಎಂದು ಸರ್ಕಾರವನ್ನು ಕೇಳಿ, ಕೇಳುತ್ತಲೇ ಇರಿ. ನಮ್ಮ ಈ ಊರು ಬಂದೇ ಬರುತ್ತದೆ, ಆದರೆ ಅದು ಬರುವ ಹೊತ್ತಿಗೆ…

ಸಾಕು. ನಾನು ಎಲ್ಲೂ ಹೋಗಿಲ್ಲ. ಇದು ಈ ವರ್ಷವೇ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ ನನ್ನ ಹೆಂಡತಿ ನೀಲಾಂಬಿಕಾ ಮಲಗಿದ್ದಾಳೆ. ಅವಳ ಮಾತ್ರೆಯ ಪೇಟೆಂಟು ಮುಗಿಯಲು ಇನ್ನೂ ಆರು ವರ್ಷವಿದೆ; ಡಾಕ್ಟರು ಅಷ್ಟು ದೂರದ ಮಾತಾಡುವುದಿಲ್ಲ. ಕಂಪನಿಯವರು ದಯೆಯಿಂದ ಪುಕ್ಕಟೆ ಕೊಡುತ್ತಿದ್ದದ್ದು ಹೋದ ತಿಂಗಳು ನಿಂತಿತು. ಬೆಳಿಗ್ಗೆ ಅವಳೇ ಚುಡಾಯಿಸಿದಳು: “ಅದು ಸೋವಿ ಆದಮ್ಯಾಲ ಊರು ಹೆಂಗಿರ್ತದ, ಬರದು ತೋರಸ್ರಿ ನೋಡೋಣು. ಪ್ರಾಸ ಬ್ಯಾರೆ ಹಾಕ್ತೀರಲ್ಲ ದೊಡ್ಡದಾಗಿ!” ಅವಳಿಗೆಂದೇ ಊರು ಕಟ್ಟಿದೆ.

ಈಗ ಒಳಗಿನಿಂದ ಕೂಗಿ ಕೇಳುತ್ತಿದ್ದಾಳೆ: “ಬರದಿದ್ದು ಆತೇನ್ರಿ? ಅದರಾಗ ನಾ ಎಲ್ಲಿ ಬರ್ತೀನಿ?”