ಮಾತ್ರೆಗೆ ಮುಂಚಿನ ಅಳತೆ

ಜೂನ್ 21, ಶನಿವಾರ

ಇವತ್ತು ಹದಿನೇಳು ಇಸಿಜಿ. ಜೆಲ್ ಮುಗಿದು ಮೂರು ದಿನ — ನೀರು ಹಚ್ಚಿಯೇ ಕೆಲಸ. ಯಾರಿಗೆ ಹೇಳೋಣ.

ಹನ್ನೊಂದಕ್ಕೆ ಶಿವನಿ ಊರಿನ ತೀರ್ಥೇಶ್, ಅವನ ತಾಯಿ ಉಚ್ಚಂಗಮ್ಮ. ಟೈಲ್ಸ್ ಕೆಲಸದವನು, ಮೂವತ್ತೊಂದು ವರ್ಷ. ಮಾಮೂಲಿ ಔಷಧಿಗೆ ಬಗ್ಗದ ಟಿಬಿ. ಹೊಸ ಮಾತ್ರೆ ಎದೆಬಡಿತದ ಲಯ ಕೆಡಿಸಬಹುದು, ಅದಕ್ಕೇ ಶುರುಮಾಡುವ ಮುಂಚಿನ ಅಳತೆ, ಬೇಸ್‌ಲೈನ್ ಬೇಕು. ಇವನೋ ಕಡೂರಲ್ಲಿ ರೈಲು ಇಳಿದು ಓಡಿಕೊಂಡು ಬಂದಿದ್ದಾನೆ. ಪಲ್ಸ್ 118. ಮಲಗಿಸಿದರೂ ಇಳಿಯಲಿಲ್ಲ. ಇಂಥ ಓಟದಲ್ಲಿ ಅಳೆದರೆ ಕ್ಯೂಟಿ ಲೆಕ್ಕ — ಒಂದು ಬಡಿತ ಮುಗಿದು ಎದೆ ಮತ್ತೆ ಸಜ್ಜಾಗುವ ಹೊತ್ತು — ನಂಬುವಂತಿಲ್ಲ. ಒಂದು ಪಟ್ಟಿ ತೆಗೆದೆ, ಸಿಟ್ಟು ಬಂತು, ಹರಿದು ಬುಟ್ಟಿಗೆ ಹಾಕಿದೆ.

"ಬುಧವಾರ ಬನ್ನಿ. ಅಲ್ಲೀವರೆಗೂ ಮಾತ್ರೆ ಮುಟ್ಟಬೇಡಿ."

ಮಾತ್ರೆ ಡಬ್ಬ ಆಗಲೇ ಉಚ್ಚಂಗಮ್ಮನ ಚೀಲದಲ್ಲಿ. ಎರಡು ಸಲ ಅಲೆಸುವುದು ಬೇಡ ಅಂತ ಔಷಧಿ ಕೌಂಟರಿನವರು ಕೊಟ್ಟುಬಿಟ್ಟಿದ್ದಾರೆ. ದೊಡ್ಡ ಉಪಕಾರ.

ಜೂನ್ 25, ಬುಧವಾರ

ತೀರ್ಥೇಶ್ ಬಂದ. ಹತ್ತು ಹತ್ತು ನಿಮಿಷ ಬಿಟ್ಟು ಮೂರು ಸಲ. ಕ್ಯೂಟಿ ಸರಾಸರಿ 462 ಮಿಲಿಸೆಕೆಂಡ್. ಗಂಡಸರಿಗೆ ಸ್ವಲ್ಪ ಜಾಸ್ತಿ. "ಅವನ ಎದೆಯೇ ಹೀಗಿರಬಹುದು" ಎಂದರು ಡಾ. ಚಂದ್ರಕುಮಾರ್. ಇದರ ಮೇಲೆ ಅರವತ್ತು ಏರಿದರೆ, ಇಲ್ಲವೇ ಐನೂರು ದಾಟಿದರೆ ಮಾತ್ರೆ ನಿಲ್ಲಿಸಬೇಕು. ಬರೆದುಕೊಂಡೆ. ಅಚ್ಚುಕಟ್ಟಾಗಿ ಆಯ್ತು ಅಂತ ಖುಷಿಯೂ ಪಟ್ಟೆ. ಮೂರ್ಖಳು.

(ಕೊನೆಯ ಮಾತು ಇವತ್ತು, ಜುಲೈ 9, ಸೇರಿಸಿದ್ದು.)

ಜುಲೈ 9, ಬುಧವಾರ

ತೀರ್ಥೇಶ್ ಬಂದ. 494. ಏರಿದ್ದು ಮೂವತ್ತೆರಡು, ಪರವಾಗಿಲ್ಲ ಅಂದುಕೊಂಡೆ. ತಲೆಸುತ್ತು ಅಂದ. ಯಾವಾಗಿನಿಂದ ಅಂತ ಕೇಳಿದ್ದಕ್ಕೆ ಉಚ್ಚಂಗಮ್ಮ, "ಮಾತ್ರೆ ತಗಂಡ್ ದಿನದಿಂದ್ಲೇ ಕಣಮ್ಮ. ಆ ಸೋಮ್ವಾರದಿಂದ."

"ಸೋಮವಾರ? ಬುಧವಾರ ಅಲ್ವಾ?"

"ಬುಧ್ವಾರ ಅಮಾಸೆ ಅಲ್ವಾ? ಅಮಾಸೆ ದಿನ ಯಾರಾದ್ರೂ ಔಸ್ದಿ ಸುರು ಮಾಡ್ತಾರಾ? ಸೋಮ್ವಾರ ದೀಪ ಹಚ್ಚಿ ಕೊಟ್ಟೆ. ನೀವು ಬೈತೀರ ಅಂತ ಹೇಳ್ಲಿಲ್ಲ."

ಬೈದೆ. ಕಾರಿಡಾರಿನವರೆಲ್ಲ ತಿರುಗಿ ನೋಡುವಷ್ಟು. 462 ಬೇಸ್‌ಲೈನೇ ಅಲ್ಲ — ಎರಡು ದಿನ ಮಾತ್ರೆ ನುಂಗಿದ ಎದೆಯದು. ನಿಜಕ್ಕೂ ಎಷ್ಟು ಏರಿದೆ? ಯಾವನಿಗೆ ಗೊತ್ತು.

ಆಕೆ ನನ್ನ ಕೈ ಹಿಡಿದುಕೊಂಡಳು. "ಡಾಕ್ಟ್ರಿಗೆ ಹೇಳ್ಬೇಡ ತಾಯಿ. ನಿಲ್ಸಿಬಿಟ್ರೆ ಮಗ ಉಳಿಯಲ್ಲ."

ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ.

ಜುಲೈ 10

ಹೇಳಿದೆ. ಡಾಕ್ಟರು 462ರ ಮೇಲೆ ಪೆನ್ನಿನಿಂದ ಗೀಟು ಎಳೆದರು. "ಹಳೇ ಇಸಿಜಿ ಏನಾದ್ರೂ ಇದ್ಯಾ ಕೇಳಿ, ನಜೀರಾ."

ತೀರ್ಥೇಶ್‌ಗೆ ಫೋನ್ ಮಾಡಿದೆ. "ಎದೆ ನೋವೇ ಬಂದಿಲ್ಲ ಮೇಡಂ, ಯಾಕ್ ತೆಗಿಸ್ಲಿ?"

ಮಾತ್ರೆಗೆ ಮುಂಚಿನ ಅವನ ಎದೆಬಡಿತ ಇದ್ದದ್ದು ಒಂದೇ ಕಾಗದದಲ್ಲಿ. ಶನಿವಾರ ನಾನು ಹರಿದು ಹಾಕಿದ್ದು. ಅರೆಬರೆ ಅಳತೆಯಾದರೂ ಏನೋ ಒಂದು ಇರುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ. ಅಮ್ಮೀ ಈ ಮಾತು ನನಗೆ ಚಿಕ್ಕಂದಿನಿಂದ ಹೇಳಿದ್ದಾಳೆ... ಅದನ್ನೂ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನು ಐನೂರು ಒಂದೇ ಗಡಿ. ನಾಳೆ ಮೂರು ಸಲ ತೆಗೀರಿ."

ಜುಲೈ 11, ಬೆಳಿಗ್ಗೆ 10.20

ಮೊದಲನೆಯದು 497. ಎರಡನೆಯದಕ್ಕೆ ಕಾಯುತ್ತಾ ಬರೆಯುತ್ತಿದ್ದೇನೆ. ಉಚ್ಚಂಗಮ್ಮ ಬಾಗಿಲ ಹತ್ತಿರ ಬಂದು ಮೆಲ್ಲಗೆ, "ಒಂದೀಟು ಕಮ್ಮಿ ಬರ್ಕಳಕ್ಕೆ ಆಗಲ್ವೇನಮ್ಮ?"

ಆಗುತ್ತೆ. ನಾಲ್ಕು ಅಂಕಿ ಕಮ್ಮಿ ಬರೆದರೆ ಯಾರೂ ಕೇಳುವುದಿಲ್ಲ. ಅವನ ಎದೆ ಮಾತ್ರ ನಾನು ಬರೆದದ್ದನ್ನು ಕೇಳುವುದಿಲ್ಲ.

10.50

501. 509. ಸರಾಸರಿ 502. ನಿಲ್ಲಿಸುತ್ತಾರೆ. ಮಾತ್ರೆಯಿಂದ ಏರಿತೋ, ಹುಟ್ಟಿನಿಂದಲೇ ಇಷ್ಟೋ — ಇನ್ನು ಗೊತ್ತಾಗುವುದಿಲ್ಲ. ಇದ್ದ ಒಂದು ಒಳ್ಳೆಯ ಮಾತ್ರೆಯೂ ಹೋಯಿತು.

ತೀರ್ಥೇಶ್ ಇನ್ನೂ ಅಲುಗಾಡದೆ ಮಲಗಿದ್ದಾನೆ. "ಸರಿಯಾಗಿ ಮಲ್ಗಿದ್ನಾ ಮೇಡಂ? ಈ ಸಲ ಆಟೋದಲ್ಲಿ ಬಂದೆ."

ಹೌದಪ್ಪಾ, ಸರಿಯಾಗಿಯೇ ಮಲಗಿದ್ದೆ ಎಂದೆ. ಆಮೇಲೆ 502 ಅಂತಲೇ ಬರೆದೆ.