ಎಂಟನೇ ನಲ್ಲಿಯ ಮಿತಿ

ಮಾರ್ಚ್ 3, ಮಂಗಳವಾರ, ಮಧ್ಯಾಹ್ನ 2

ಇಂದಿನ ಮೂರನೇ ಬಾರಿನ ತಪಾಸಣೆ ಮುಗಿಯಿತು. ಗೋಡೆಗೆ ಎಂಟು ನಲ್ಲಿ. ಗಿರಾಕಿಯೇ ಕಾರ್ಡ್ ಮುಟ್ಟಿಸಿ ಬಿಯರ್ ಹಿಡಿದುಕೊಳ್ಳುತ್ತಾನೆ. ಒಂದು ಲೀಟರಿಗೆ ನಲ್ಲಿ ನಿಲ್ಲಬೇಕು. ಆಮೇಲೆ ಕಾವಲಿಗೆ ಕೂತವರು ಮುಖ ನೋಡಿ, ಮಾತಾಡಿಸಿ, ನೆಟ್ಟಗಿದ್ದರೆ ಮಾತ್ರ ಮತ್ತೆ ಬಿಡಬೇಕು. ನಿಯಮ. ಅದನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು.

ಅಳತೆ ನೋಡಲು ಒಂದೊಂದು ನಲ್ಲಿಯಿಂದಲೂ ಮೂರು ಲೀಟರ್ ಸುರಿಸಬೇಕು. ನನ್ನ ಇನ್‌ಸ್ಪೆಕ್ಟರ್ ಕಾರ್ಡ್ ಒಮ್ಮೆ ಮುಟ್ಟಿಸಿದರೆ ಆ ನಲ್ಲಿಯ ಮಿತಿ ತೆರವು. ಇನ್ನೊಮ್ಮೆ ಮುಟ್ಟಿಸಿದರೆ ಮತ್ತೆ ಮಿತಿ.

ಕಾವಲಿನ ಹೆಂಗಸಿಗೆ ಎಲ್ಲರೂ ಕಾರ್ಡಕ್ಕ ಅನ್ನುತ್ತಾರೆ. "ಇಷ್ಟು ಬಿಯರ್ ಚರಂಡಿಗೆ ಸುರೀತೀರಲ್ಲ ಸಾರ್, ಹೆಗ್ಗಣಗಳು ಹಾಡೋಕೆ ಶುರು ಮಾಡಲ್ವಾ?" ಅಂದಳು. ಬಿಡುತ್ತೇನೆಯೇ! ಅಜ್ಜಿ ಹೇಳುತ್ತಿದ್ದ ಕುಡುಕ ಹೆಗ್ಗಣದ ಕಥೆ ಪೂರ್ತಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಹಿ, ಸೀಲು. ಹೊರಟೆ.

ಮಾರ್ಚ್ 8, ಭಾನುವಾರ, ಬೆಳಿಗ್ಗೆ 9

ಸಾಹೇಬರ ಫೋನು. ನಿನ್ನೆ ಸಂಜೆ ಕಾರ್ಡಕ್ಕನ ಬಾರಿನಲ್ಲಿ ಒಬ್ಬ ಗಾರೆ ಮೇಸ್ತ್ರಿ ಸತತ ನಾಲ್ಕು ಲೀಟರ್ ಕುಡಿದು ಮೆಟ್ಟಿಲಿಂದ ಉರುಳಿದ್ದಾನೆ. ಇನ್ನೂ ಪ್ರಜ್ಞೆಯಿಲ್ಲ.

"ಆ ಹೆಂಗಸು ಕಾಸು ತಗೊಂಡು ನಲ್ಲಿ ಬಿಟ್ಟಿದಾಳೆ ಕಣ್ರೀ. ಪೊಲೀಸರಿಗೆ ಒಪ್ಪಿಸೋಣ. ವರದಿ ನೀವೇ ಬರೀರಿ."

ಆಗಲಿ ಸಾರ್ ಅಂದೆ.

ಮಾರ್ಚ್ 9, ಸೋಮವಾರ, ಮಧ್ಯಾಹ್ನ 3

ಹೋಗಿ ನೋಡಿದೆ. ಏಳು ನಲ್ಲಿ ಸರಿ. ಎಂಟನೆಯದು ಒಂದು ಲೀಟರ್ ದಾಟಿದರೂ ನಿಲ್ಲಲೇ ಇಲ್ಲ. ಯಂತ್ರದೊಳಗಿನ ಮಿತಿ ದಾಖಲೆ ತೆಗೆದೆ. ಮೂರನೇ ತಾರೀಕು, 12.40, ಇನ್‌ಸ್ಪೆಕ್ಟರ್ ಕಾರ್ಡ್, ಮಿತಿ ತೆರವು. ಅದರ ಕೆಳಗೆ... ಖಾಲಿ.

ಆವತ್ತು ಕಥೆಯಲ್ಲಿ ಹೆಗ್ಗಣ ಬಾವಿಗೆ ಹಾರುವಾಗ ನಾನು ಎಂಟನೇ ನಲ್ಲಿಯ ಮುಂದಿದ್ದೆ. ಕೈಯಾಡಿಸುತ್ತ ಹೇಳುತ್ತಿದ್ದೆ. ಎರಡನೇ ಸಲ ಮುಟ್ಟಿಸದೆ ಕಾರ್ಡು ಹಾಗೇ ಜೇಬಿಗೆ ಹೋಯಿತು.

ಈ ದಾಖಲೆ ನಮ್ಮ ಕಾರ್ಡಿಗೆ ಮಾತ್ರ ತೆರೆಯುತ್ತದೆ. ಬೇರೆ ಯಾರೂ ನೋಡಿಲ್ಲ.

ಮಾರ್ಚ್ 12, ಗುರುವಾರ

ಊಟಕ್ಕೆ ಕೂತಾಗ ಹೆಂಡತಿ— "ಮೂರು ದಿನದಿಂದ ಬಾಯಿಗೆ ಬೀಗ. ಹಲ್ಲು ಕೀಳಿಸ್ಕೊಂಡಾಗಲೂ ನೀವು ಇಷ್ಟು ಸುಮ್ಮನಿರಲಿಲ್ಲ!"

ಹೇಳಿಬಿಟ್ಟೆ.

"ಕೆಲಸ ಹೋಗುತ್ತಾ?"

"ಹೋಗಬಹುದು."

"ಹೇಳದಿದ್ರೆ, ಅವಳಿಗೆ?"

"ಜೈಲು."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ವರದಿ ಬರೆದೆ. ಕಾವಲಿನವರ ನಿರ್ಲಕ್ಷ್ಯ ಅಂತ. ಇನ್ನೂ ಸಹಿ ಹಾಕಿಲ್ಲ.

ಮಾರ್ಚ್ 16, ಸೋಮವಾರ, 10.20, ವಿಚಾರಣೆ ಕೋಣೆಯ ಹೊರಗೆ

ಮೇಸ್ತ್ರಿ ಕಣ್ಣು ಬಿಟ್ಟನಂತೆ. ತನ್ನ ಮಗಳ ಹೆಸರೇ ನೆನಪಿಗೆ ಬರುತ್ತಿಲ್ಲವಂತೆ.

ಬೆಂಚಿನ ಆ ತುದಿಯಲ್ಲಿದ್ದ ಕಾರ್ಡಕ್ಕ ಪಕ್ಕಕ್ಕೆ ಬಂದು ಕೂತಳು.

"ಸಾರ್, ಆವತ್ತು ನಗ್ತಾ ನಗ್ತಾ ನಾನೇ ಏನಾದ್ರೂ ಒತ್ತಿಬಿಟ್ನಾ? ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ಒತ್ತಿರಬೇಕು, ಅಲ್ವಾ? ಒಪ್ಕೊಂಡ್ರೆ ಶಿಕ್ಷೆ ಕಡಿಮೆ ಅಂತಾರೆ. ಒಪ್ಕೊಂಡುಬಿಡ್ಲಾ?"

ನನ್ನನ್ನು ಕೇಳುತ್ತಿದ್ದಾಳೆ. ನನ್ನನ್ನು!

ಡೈರಿ ತೆಗೆದು ಇದನ್ನು ಗೀಚುತ್ತಿದ್ದೇನೆ. ಬಾಗಿಲು ತೆರೆಯಿತು. ಜವಾನ ಅವಳನ್ನು ಕರೆದ. ಎದ್ದಳು.

"ಕೂತ್ಕೋಮ್ಮ," ಅಂದೆ. "ನೀನು ಏನೂ ಒತ್ತಿಲ್ಲ. ಮೊದಲು ನಾನು ಹೋಗಿ ನನ್ನ ಕಾರ್ಡಿನ ವಿಷಯ—"